ಜೀರೋ ಬಲ್ಬಿಗಿಂತ ಕಡಿಮೆ

ಹೆದರಿದ ಮನುಷ್ಯ ಸುಮ್ಮನೆ ಕೂರುವುದಿಲ್ಲ, ಏನನ್ನಾದರೂ ಕಟ್ಟಲು ಹೊರಡುತ್ತಾನೆ. ಒಮ್ಮೆ ಮನೆಯೊಳಗೆ ನೀರು ನುಗ್ಗಿಸಿಕೊಂಡವನು ಹೊಸ್ತಿಲನ್ನು ಎರಡು ಇಟ್ಟಿಗೆ ಎತ್ತರಿಸುತ್ತಾನೆ. ಒಮ್ಮೆ ಕಳ್ಳನನ್ನು ಕಂಡವನ ಮನೆಯಲ್ಲಿ ಬಾಗಿಲಿಗಿಂತ ಬೀಗಗಳೇ ಹೆಚ್ಚು ತೂಗುತ್ತವೆ. ನಾನು ವಿಮಾ ಕಂಪನಿಯೊಂದರ ಸರ್ವೇಯರ್. ಸುಟ್ಟ ಗೋದಾಮು, ಮುಳುಗಿದ ಕಾರು, ಬಿದ್ದ ಗೋಡೆಗಳ ಮುಂದೆ ನಿಂತು, ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಕೆಲಸ. 'ಬೆಂಕಿ ಭಯಂಕರವಾಗಿತ್ತು' ಎಂದು ನಾನು ಬರೆಯುವಂತಿಲ್ಲ. 'ಉತ್ತರದ ಗೋಡೆ ಏಳಡಿ ಎತ್ತರದವರೆಗೆ ಕಪ್ಪಾಗಿದೆ' ಎಂದು ಬರೆಯಬೇಕು. ನನ್ನ ಹೆದರಿಕೆಯನ್ನೂ ಹಾಗೆಯೇ ಬರೆಯುತ್ತೇನೆ. ಹೆದರಿದ ಮೇಲೆ ನಾನು ಕಟ್ಟಿದ್ದು ಒಂದು ಸರ್ವರ್. ಉದ್ದ ಏಳು ಇಂಚು, ಅಗಲ ಏಳು, ಎತ್ತರ ಎರಡು. ಬಣ್ಣ ಕಪ್ಪು. ಮುಂದೆ ಒಂದು ನೀಲಿ ದೀಪ. ಪಕ್ಕದಲ್ಲಿ, ಇಟ್ಟಿಗೆಯಷ್ಟು ದಪ್ಪದ ಎರಡು ಡಿಸ್ಕುಗಳು. ಮನೆಯ ಫೋಟೋ, ದಾಖಲೆ, ಹಾಡು ಎಲ್ಲವನ್ನೂ ಯಾವುದೋ ದೇಶದ ಯಾವುದೋ ಕಂಪನಿಯ ಉಗ್ರಾಣದಲ್ಲಿ ಇಡುವ ಬದಲು ನಮ್ಮದೇ ಕಪಾಟಿನಲ್ಲಿ ಇಟ್ಟುಕೊಳ್ಳುವ ಪೆಟ್ಟಿಗೆ ಇದು.

ಹೆದರಿಕೆಗೆ ಕಾರಣ ನನ್ನ ಅಕ್ಕ ಸಾವಿತ್ರಿ. ಅವಳು ಶಾಲೆಯಲ್ಲಿ ಗಣಿತದ ಟೀಚರಾಗಿ ನಿವೃತ್ತಳಾದವಳು, ಮದ್ರಾಸಿನ ಬೆಸೆಂಟ್ ನಗರದಲ್ಲಿ ಒಬ್ಬಳೇ ಇದ್ದಳು. ದಿನಾ ಬೆಳಿಗ್ಗೆ ಕಡಲತೀರದಲ್ಲಿ ನಡೆಯುತ್ತ ನನಗೆ ಧ್ವನಿ ಸಂದೇಶ ಕಳಿಸುತ್ತಿದ್ದಳು. "ಸೀನಾ, ಎಲೆಕ್ಟ್ರಿಕ್ ಟ್ರೈನಲ್ಲಿ ಬಾಗಿಲ ಹತ್ರ ನಿಲ್ಬೇಡ." "ಸೀನಾ, ಕೆಮ್ಮು ಇನ್ನೂ ಇದ್ರೆ ಕಂಡಿಪ್ಪಾ ಡಾಕ್ಟರ್ ಹತ್ರ ಹೋಗು." ನಮ್ಮದು ಮೈಸೂರಿನ ಕಡೆಯ ಕನ್ನಡ, ಎರಡು ತಲೆಮಾರಿನ ಮದ್ರಾಸು ಅದರಲ್ಲಿ 'ಖಂಡಿತ'ದ ಜಾಗಕ್ಕೆ ತಮಿಳಿನ 'ಕಂಡಿಪ್ಪಾ'ಗಳನ್ನು ಧಾರಾಳವಾಗಿ ಬೆರೆಸಿದೆ. ಆ ಸಂದೇಶಗಳನ್ನು ನಾನು ಪೆರಂಬೂರಿನ ಪ್ಲಾಟ್‌ಫಾರಂನಲ್ಲಿ, ರೈಲು ಬರುವ ಗಲಾಟೆಯಲ್ಲಿ, ಅರ್ಧ ಕೇಳಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಅಕ್ಕನ ಗಂಟಲಿನಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಅಕ್ಕ ಉಳಿದಳು, ದನಿ ಉಳಿಯಲಿಲ್ಲ. ಅವಳೀಗ ನಮ್ಮ ಮನೆಯಲ್ಲೇ ಇದ್ದಾಳೆ. ಗುಂಡಿ ಒತ್ತಿದರೆ ಅಳಿಯುವ ಮಕ್ಕಳ ಸ್ಲೇಟೊಂದು ಸದಾ ಕೈಯಲ್ಲಿ. ಅದರಲ್ಲಿ ಬರೆದು ಬೈಯುತ್ತಾಳೆ. ಬೈದು, ಗುಂಡಿ ಒತ್ತಿ, ಸಾಕ್ಷಿ ಅಳಿಸುತ್ತಾಳೆ.

ಅವಳು ಬಂದ ತಿಂಗಳಲ್ಲೇ ನನ್ನ ಫೋನು ಕೆಟ್ಟಿತು. ಬೆಳಿಗ್ಗೆ ಎಂಟು ಹತ್ತಕ್ಕೆ ತಾನಾಗಿ ಆರಿ, ಮತ್ತೆ ಹೊತ್ತಿಕೊಂಡು, ಕಂಪನಿಯ ಗುರುತನ್ನು ತೋರಿಸುತ್ತ ಹಾಗೆಯೇ ಕೂತಿತು. ಮೂರು ದಿನ ಕೂತಿತು. ಅಕ್ಕನ ಹಳೆಯ ಫೋನು ಅದಕ್ಕೂ ಮೊದಲೇ ಪುರಸೈವಾಕ್ಕಂನ ಪಾತ್ರೆ ಅಂಗಡಿಯಲ್ಲಿ ಒಂದು ಇಡ್ಲಿ ಕುಕ್ಕರಿನ ಒಳಗೆ ಮರೆತು ಹೋಗಿತ್ತು. ಆ ಕುಕ್ಕರು ಯಾರ ಮನೆ ಸೇರಿತೋ ತಿಳಿಯದು. ಅಂದರೆ ಅಕ್ಕನ ದನಿ ಈ ಭೂಮಿಯ ಮೇಲೆ ಇದ್ದದ್ದು ನನ್ನ ಆ ಒಂದು ಫೋನಿನೊಳಗೆ ಮಾತ್ರ. ಆ ಮೂರು ದಿನ ನಾನು ಊಟ ಮಾಡಿದೆ, ಆಫೀಸಿಗೆ ಹೋದೆ, ಅಂಬತ್ತೂರಿನಲ್ಲಿ ಒಂದು ಬಾಯ್ಲರ್ ನೋಡಿ ವರದಿ ಬರೆದೆ. ಆದರೆ ಆ ವರದಿಯ ಸಹಿಯನ್ನು ನೋಡಿ ಆಫೀಸಿನವರು ಇದು ನನ್ನದೇ ಹೌದೇ ಎಂದು ಕೇಳಿದರು. ನಾಲ್ಕನೆಯ ದಿನ ರಿಪೇರಿಯವನು ಫೋನಿಗೆ ಜೀವ ಬರಿಸಿದ. "ಇನ್ನು ಒಂದು ವಾರ ಬದುಕತ್ತೆ ಸಾರ್, ಬೇಕಾದ್ದು ಎತ್ಕೊಳಿ" ಎಂದ. ಒಂದು ಡಿಸ್ಕಿಗೆ ಎತ್ತಿಕೊಂಡೆ. ಮುನ್ನೂರ ಹನ್ನೊಂದು ಸಂದೇಶಗಳು. ಅವನು ಹೇಳಿದಂತೆ ಒಂದು ವಾರಕ್ಕೆ ಫೋನು ಸತ್ತಿತು. ಅಕ್ಕನಿಗೆ ಮಾತ್ರ ನಾನು ಏನನ್ನೂ ಹೇಳಲಿಲ್ಲ. ಕಾಲು ಹೋದವನ ಎದುರು ಅವನ ಚಪ್ಪಲಿ ಜೋಪಾನ ಮಾಡಿದ್ದೇನೆ ಎಂದು ಹೇಳುವುದು ಹೇಗೆ? ಮನೆಯಲ್ಲಿ ಎಲ್ಲರಿಗೂ "ಫೋಟೋ ಇಡೋಕೆ ಒಂದು ಪೆಟ್ಟಿಗೆ ಮಾಡ್ತಿದೀನಿ" ಎಂದಷ್ಟೇ ಹೇಳಿದೆ.

ಆಗ ನನ್ನ ಹೆಂಡತಿ ಗೀತಾ ಒಂದು ಷರತ್ತು ಹಾಕಿದಳು. "ಇಪ್ಪತ್ನಾಲ್ಕು ಗಂಟೆ ಓಡೋದು ಈ ಮನೇಲಿ ಎರಡೇ. ಒಂದು ಫ್ರಿಜ್ಜು, ಇನ್ನೊಂದು ದೇವರ ಮನೆ ಜೀರೋ ಬಲ್ಬು. ನಿಮ್ಮ ಪೆಟ್ಟಿಗೆ ಆ ಜೀರೋ ಬಲ್ಬಿಗಿಂತ ಒಂದು ಚೂರು ಜಾಸ್ತಿ ಕರೆಂಟು ತಿನ್ನಕೂಡದು." ಅವಳ ಮಾತಿನಲ್ಲಿ ನನ್ನ ತಂದೆಯ ಧೋರಣೆಯಿತ್ತು. ಅವರು ರೈಲು ಬೋಗಿ ಕಟ್ಟುವ ಕೋಚ್ ಕಾರ್ಖಾನೆಯಲ್ಲಿದ್ದವರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಊಟಕ್ಕೆ ಕೂರುವ ಮೊದಲು ಕೋಣೆಯಿಂದ ಕೋಣೆಗೆ ಹೋಗಿ ಸ್ವಿಚ್ಚುಗಳನ್ನು ಆರಿಸಿ ಬರುತ್ತಿದ್ದರು. ನಾವು ಎಷ್ಟೋ ಸಲ ಕತ್ತಲಲ್ಲೇ ಹುಳಿಯನ್ನ ತಿಂದು, ಬೇಳೆ ಯಾವುದು ಬದನೆಕಾಯಿ ಯಾವುದು ಎಂದು ನಾಲಗೆಯಿಂದಲೇ ತಿಳಿದುಕೊಂಡವರು.

ಜೀರೋ ಬಲ್ಬು ಎಷ್ಟು ತಿನ್ನುತ್ತದೆ? ಹೆಸರು ಜೀರೋ. ನಾನು ಪ್ಲಗ್ಗಿಗೆ ಸಿಕ್ಕಿಸುವ ಒಂದು ವ್ಯಾಟ್ ಮೀಟರ್ ತಂದು ಅಳೆದೆ. ಹದಿಮೂರು ವ್ಯಾಟ್. ಮೂರು ಸಲ ಅಳೆದೆ, ಮೂರು ಸಲವೂ ಹದಿಮೂರು. ಇಷ್ಟು ವರ್ಷ ದೇವರ ಎದುರಿಗೇ ಕೂತು ಸುಳ್ಳು ಹೇಳಿದ ಬಲ್ಬು ಅದು. ಗೀತಾ ಮೀಟರನ್ನು ನೋಡಿದಳು, ಬಲ್ಬನ್ನು ನೋಡಿದಳು, ಅದೇ ಸಂಜೆ ಅದನ್ನು ಕಿತ್ತು ಅರ್ಧ ವ್ಯಾಟಿನ ಎಲ್‌ಇಡಿ ಹಾಕಿಬಿಟ್ಟಳು. ನನ್ನ ಗುರಿ ಒಂದೇ ಏಟಿಗೆ ಹದಿಮೂರರಿಂದ ಅರ್ಧಕ್ಕೆ ಇಳಿಯಿತು. ಕಾಲೇಜಿಗೆ ಹೋಗುವ ಮಗಳು ಮೇಘಾ ಮಧ್ಯಸ್ಥಿಕೆ ವಹಿಸಿದಳು. ಅವಳಿಗೆ ನಾವು ಹೇಳುವ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. "ಅಮ್ಮಾ, ಅದು ಚೀಟಿಂಗ್! ಪಳೆಯ ಬಲ್ಬ್ ದಾನ್ ಕಣಕ್ಕು," ಹಳೆಯ ಬಲ್ಬೇ ಲೆಕ್ಕ, ಎಂದು ತೀರ್ಪು ಕೊಟ್ಟಳು. ಹದಿಮೂರು ಎಂದು ನಿಂತಿತು.

ಅಲ್ಲಿಂದ ನನ್ನ ಬಾಳಿನ ಅತಿ ನಿಧಾನವಾದ, ಅತಿ ಸುಖದ ತಿಂಗಳುಗಳು ಶುರುವಾದವು. ಯಾವುದೋ ಆಫೀಸು ಮಾರಿದ ಪುಟ್ಟ ಕಂಪ್ಯೂಟರೊಂದನ್ನು ತಂದೆ. ಎರಡು ಡಿಸ್ಕು ಜೋಡಿಸಿದೆ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರಬೇಕು, ಒಂದು ಹೋದರೆ ಇನ್ನೊಂದು, ಎಂಬ ಏರ್ಪಾಡು. ಮೊದಲ ದಿನ ಮೀಟರು ಹದಿನೇಳೂವರೆ ತೋರಿಸಿತು. ಬೇಡದ ವೈಫೈ ಭಾಗವನ್ನು ಆರಿಸಿದೆ, ಹದಿನೇಳು. ದಪ್ಪ ಅಡಾಪ್ಟರಿನ ಬದಲು ಸಣ್ಣದು, ಹದಿನೈದೂವರೆ. ಫ್ಯಾನು ತೆಗೆದು ಹಿಂಬದಿಯ ಮುಚ್ಚಳ ಬಿಚ್ಚಿಟ್ಟೆ, ಹದಿನೈದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಎರಡು ಗಂಟೆಯ ಹೊತ್ತಿಗೆ ಕಡಲ ಕಡೆಯ ಗಾಳಿ ಪೆರಂಬೂರಿನವರೆಗೂ ತಲುಪಿ ಪರದೆಯನ್ನು ಒಮ್ಮೆ ಎತ್ತಿ ಇಳಿಸುತ್ತದೆ. ಆಗ ನಾನು ಆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕೆಲಸವಿಲ್ಲದಿದ್ದರೆ ಡಿಸ್ಕುಗಳು ಹತ್ತು ನಿಮಿಷಕ್ಕೆ ನಿದ್ದೆ ಹೋಗುವಂತೆ ಹೇಳಿಕೊಟ್ಟಿದ್ದೆ. ಅವು ನಿದ್ದೆ ಹೋಗುವ ಸದ್ದೇ ಒಂದು ಸೊಗಸು; ತೊಟ್ಟಿಲು ತೂಗಿ ತೂಗಿ ತಾನೇ ನಿಂತ ಹಾಗೆ. ದೂರದಲ್ಲಿ ವರ್ಕ್‌ಶಾಪಿನ ಹಳಿಗಳ ಮೇಲೆ ಯಾವುದೋ ಖಾಲಿ ಬೋಗಿ ಮೆಲ್ಲಗೆ ಇನ್ನೊಂದಕ್ಕೆ ತಾಗುವುದು. ನೀಲಿ ದೀಪ ಉಸಿರಾಡುವುದು. ಅದರ ಒಳಗೆ ಮುನ್ನೂರ ಹನ್ನೊಂದು ಬೆಳಗುಗಳು, ಒಂದೊಂದರಲ್ಲೂ ಒಂದೊಂದು ಹಿಡಿ ಅಲೆಯ ಸದ್ದು, ಮಲಗಿವೆ ಎಂದುಕೊಳ್ಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಕ್ಕನೂ ಮಲಗಿರುತ್ತಿದ್ದಳು. ಎರಡೂ ಕಡೆ ಯಾರನ್ನೂ ಎಬ್ಬಿಸಬಾರದು ಎನ್ನಿಸಿ ನಾನು ಬೆರಳ ತುದಿಯಲ್ಲಿ ನಡೆಯುತ್ತಿದ್ದೆ.

ಆದರೆ ಹದಿನೈದರಿಂದ ಕೆಳಗೆ ಅದು ಇಳಿಯಲೊಲ್ಲದು. ಗೀತಾ ಕಾಫಿ ಲೋಟ ಹಿಡಿದು ಬಂದು ಮೀಟರನ್ನು ನೋಡಿ, "ಇನ್ನೂ ಎರಡು ಕೆ.ಜಿ. ಇಳೀಬೇಕು ಇದು" ಎಂದು ನನ್ನ ಹೊಟ್ಟೆಯನ್ನು ನೋಡುತ್ತ ಹೇಳಿ ಹೋಗುತ್ತಿದ್ದಳು. ಕೊನೆಗೆ ಒಂದು ಭಾನುವಾರ ನಾನು ಎರಡನೆಯ ಡಿಸ್ಕನ್ನು ಕಿತ್ತೆ. ಮೀಟರು ಹತ್ತೂವರೆಗೆ ಬಂತು. ಜೀರೋ ಬಲ್ಬಿಗಿಂತ ಕಡಿಮೆ! ಆ ಅಂಕಿಯನ್ನು ಕಂಡ ಖುಷಿಯಲ್ಲಿ, ಆ ಡಿಸ್ಕು ಅಲ್ಲಿ ಯಾಕಿತ್ತು ಎಂಬುದೇ ಮರೆಯಿತು. ಅಂದರೆ ಪೂರ್ತಿ ಮರೆಯಲಿಲ್ಲ. ಮುಂದಿನ ವಾರ ಯೋಚಿಸೋಣ ಎಂದುಕೊಂಡೆ. ಎಷ್ಟೋ ಗೋದಾಮುಗಳ ಮಾಲೀಕರು ಬೆಂಕಿ ನಂದಿಸುವ ಸಿಲಿಂಡರಿನ ಬಗ್ಗೆ ಇದೇ ಮಾತು ಹೇಳಿದ್ದನ್ನು ನಾನು ಬರೆದುಕೊಂಡಿದ್ದೇನೆ. ಕಿತ್ತ ಡಿಸ್ಕನ್ನು ಗೀತಾಳ ಕೈಗೆ ಕೊಟ್ಟು, "ಎಲ್ಲಾದರೂ ಒಣಗಿದ ಜಾಗದಲ್ಲಿ ಇಡು" ಎಂದೆ.

ನಾಲ್ಕು ತಿಂಗಳಾದ ಮೇಲೆ ಆಯುಧ ಪೂಜೆ ಬಂತು. ಆ ದಿನ ನಮ್ಮ ಮನೆಯಲ್ಲಿ ಕತ್ತರಿ, ಚಾಕು, ಈಳಿಗೆ ಮಣೆ, ಹೊಲಿಗೆ ಯಂತ್ರ, ಸ್ಕೂಟರು ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿ, ಹೂವಿಟ್ಟು, ಮಾರನೆಯ ದಿನದವರೆಗೆ ಮುಟ್ಟದೆ ಬಿಡುವುದು ರೂಢಿ. ವರ್ಷವಿಡೀ ದುಡಿದ ವಸ್ತುವಿಗೆ ಒಂದು ದಿನದ ವಿಶ್ರಾಂತಿ. ನಾನು ಬೂದುಗುಂಬಳಕಾಯಿ ತರಲು ಹೋಗಿದ್ದೆ. ಬಂದು ನೋಡುತ್ತೇನೆ: ಮಣೆಯ ಮೇಲೆ ರಂಗೋಲಿ, ರಂಗೋಲಿಯ ಮೇಲೆ ಸರ್ವರು. ಅಕ್ಕ ಅದನ್ನು ಗೋಡೆಯ ಪ್ಲಗ್ಗಿನಿಂದ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಡಿಸ್ಕಿಗೂ ಸೇರಿಸಿ ಮೂರು ಬೆರಳು ಗಂಧ ಎಳೆದಿದ್ದಳು. ಮುಚ್ಚಳವಿಲ್ಲದ ಹಿಂಬದಿಯಿಂದ ಒಂದು ಸೇವಂತಿಗೆ ಇಣುಕುತ್ತಿತ್ತು. ನನ್ನ ಮುಖ ನೋಡಿ ಸ್ಲೇಟು ಎತ್ತಿದಳು: 'ಪಾಪ, ಒಂದು ದಿನಾನೂ ರಜ ಇಲ್ಲ ಇದಕ್ಕೆ. ಇವತ್ತು ಮಲಗಲಿ.' ನಾನು ಕರ್ಪೂರ ಹಚ್ಚಿದೆ, ಮಂಗಳಾರತಿ ಎತ್ತಿದೆ. ಸಾಕ್ಷಿಯಾಗಿ ಹೇಳಬೇಕಾದದ್ದು ಇಷ್ಟು: ನಾನು ತಡೆಯಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಒಂಬತ್ತೂಕಾಲಿಗೆ ಪ್ಲಗ್ಗು ಹಾಕಿದೆ. ನೀಲಿ ದೀಪ ಬಂತು. ಡಿಸ್ಕು ಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಕ್. ಹಾಗೆ ಇಪ್ಪತ್ತಾರು ಸಲ ಎಣಿಸಿದೆ. ಬಟ್ಟೆಯ ನೀರೋ, ಗಂಧವೋ, ಹಠಾತ್ತನೆ ಎಳೆದದ್ದೋ, ಅದರ ಆಯುಷ್ಯವೇ ಅಷ್ಟೋ, ಕಾರಣವನ್ನು ಖಚಿತವಾಗಿ ಹೇಳಲಾಗದು. ನಾನು ನೆಲದ ಮೇಲೆ ಕೂತುಬಿಟ್ಟೆ. ಅಕ್ಕ ಬಂದು ಪಕ್ಕದಲ್ಲಿ ಕೂತು ಬರೆದಳು: 'ಫೋಟೋ ಹೋದ್ರೆ ಹೋಗ್ಲಿ ಬಿಡೋ. ನಾವೆಲ್ಲ ಇದೀವಲ್ಲ.'

"ಫೋಟೋ ಅಲ್ಲ ಅಕ್ಕ," ಎಂದೆ. "ನಿನ್ನ ದನಿ."

ಅವಳು ಸ್ಲೇಟಿನ ಗುಂಡಿ ಒತ್ತಿದಳು, ಬರೆಯಲು ಕಡ್ಡಿ ಎತ್ತಿದಳು, ಕಡ್ಡಿಯನ್ನು ಕೆಳಗಿಟ್ಟಳು. ತನ್ನ ಕೈಯಿಂದಲೇ ಗಂಧ ಹಚ್ಚಿದ್ದ ಡಿಸ್ಕಿನ ಮೇಲೆ ಬೆರಳಿಟ್ಟಳು. ಅದು ಇನ್ನೂ ಟಕ್ ಎನ್ನುತ್ತಲೇ ಇತ್ತು.

ಗೀತಾ ಒಳಗಿನಿಂದ ಕೂಗಿದಳು, "ರೀ, ನನ್ನ ಕೈಲಿ ಒಂದು ಕೊಟ್ಟಿದ್ರಲ್ಲ, ಅದು ಏನು ಮತ್ತೆ?" ಮದುವೆ ಸೀರೆಗಳ ನಡುವಿನಿಂದ ಅದು ಬಂತು. ರವಿಕೆ ಕಣದಲ್ಲಿ ಸುತ್ತಿ, ಹುಳ ಹಿಡಿಯದಿರಲಿ ಎಂದು ನಾಲ್ಕು ಲವಂಗ ಹಾಕಿ ಇಟ್ಟಿದ್ದಳು. ಲವಂಗ ಕೊಡವಿ ಜೋಡಿಸಿದೆ. ಒಂದು ಗುಯ್ಯೆಂಬ ಸದ್ದು, ಲವಂಗದ ವಾಸನೆ, ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿ ಮುನ್ನೂರ ಹನ್ನೊಂದೂ. ತಿಂಗಳುಗಟ್ಟಲೆ ನಾನು ವ್ಯಾಟು ವ್ಯಾಟಾಗಿ ಕೆರೆದು ಕಟ್ಟಿದ ಸರ್ವರು ಹತ್ತೂವರೆ ತಿಂದು ಸತ್ತಿತ್ತು. ಸೀರೆಯ ಕಪಾಟು ಏನನ್ನೂ ತಿನ್ನದೆ ಎಲ್ಲವನ್ನೂ ಕಾಪಾಡಿತ್ತು. ಗೀತಾ ಕಪಾಟಿನ ಬಾಗಿಲನ್ನು ಬೇಕೆಂದೇ ನಿಧಾನವಾಗಿ ಮುಚ್ಚಿದಳು.

ಅಕ್ಕ ಬರೆದಳು: 'ಇದನ್ನೆಲ್ಲ ಕೇಳ್ತೀಯಾ ನೀನು?'

ಇಲ್ಲ. ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಒಂದನ್ನೂ ಕೇಳಿರಲಿಲ್ಲ. ಕೇಳಿದರೆ ಏನಾಗುವುದೋ ಎಂಬ ಹೆದರಿಕೆಯಿಂದ ಬರೀ ಕಾಪಾಡಿಟ್ಟಿದ್ದೆ. ಮೇಘಾ ನನ್ನನ್ನು ಕೇಳದೆಯೇ ಒಂದನ್ನು ಒತ್ತಿಬಿಟ್ಟಳು. ಗಾಳಿ, ಅಲೆ, ಏದುಸಿರು, ಆಮೇಲೆ ಅಕ್ಕ: "ಸೀನಾ, ಇಲ್ಲಿ ಒಂದು ನಾಯಿ ನನ್ನ ಹಿಂದೇನೇ ಬರ್ತಾ ಇದೆ. ನಿಂತರೆ ನಿಲ್ಲತ್ತೆ. ನಿನ್ನ ಥರಾನೇ, ಯಾಕೆ ಅಂತ ಕೇಳಿದ್ರೆ ಬೇರೆ ಕಡೆ ನೋಡತ್ತೆ. ಹಲೋ? ಕೇಳಿಸ್ತಾ?" ಆಮೇಲೆ ಒಂದು ನಗು, ಆ ನಗು ಇತ್ತೆಂಬುದನ್ನೇ ನಾನು ಮರೆತಿದ್ದೆ. ಅಕ್ಕನ ಭುಜ ಕುಲುಕಿತು. ಅಳುತ್ತಿದ್ದಾಳೆಂದು ನಾನು ಅವಳ ಕೈ ಹಿಡಿದೆ. ಕೈ ಬಿಡಿಸಿಕೊಂಡು ಬರೆದಳು: 'ಅಬ್ಬಾ, ಎಷ್ಟು ಮಾತಾಡ್ತಿದ್ದೆ ನಾನು! ಇನ್ನೊಂದು ಹಾಕು.'

ಹದಿನಾರು ಕೇಳಿದೆವು. ಹದಿನಾರರ ಕೊನೆಗೆ ಮೇಘಾ ನನ್ನ ಕಡೆ ತಿರುಗಿದಳು. "ಅಪ್ಪಾ, ಅತ್ತೆ ವಾಯ್ಸ್ ಇರುಕ್ಕು. ಉಂಗ ವಾಯ್ಸ್ ಎಂಗ?" ಅತ್ತೆಯ ದನಿ ಇದೆ, ನಿಮ್ಮದು ಎಲ್ಲಿ ಎಂದು. ಅಕ್ಕನ ಸ್ಲೇಟು ಎದ್ದಿತು: 'ಇವನು ಎಲ್ಲಕ್ಕೂ ಬರೀ ಒಂದು ಹೆಬ್ಬೆರಳಿನ ಚಿತ್ರ ಕಳಿಸ್ತಿದ್ದ.'

ನಿಜ. ಮುನ್ನೂರ ಹನ್ನೊಂದು ಹೆಬ್ಬೆರಳು. ಅದನ್ನು ಕಾಪಾಡಲು ಯಾವ ಡಿಸ್ಕೂ ಬೇಕಾಗಿಲ್ಲ. ನಾನು ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಅಕ್ಕನ ಹೆಸರು ತೆಗೆದು, ಮೈಕಿನ ಗುರುತನ್ನು ಒತ್ತಿ ಹಿಡಿದೆ. ಹೇಳಬೇಕಾದದ್ದು ಬಹಳ ಇತ್ತು. ಯಾವುದನ್ನು ಮೊದಲು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಬೆರಳು ಜಾರಿ ಸಂದೇಶ ಹೋಗಿಬಿಟ್ಟಿತು. ಹನ್ನೊಂದು ಸೆಕೆಂಡು, ಅಷ್ಟೂ ಸೀಲಿಂಗ್ ಫ್ಯಾನಿನ ಸದ್ದು. ಗೋಡೆಯಾಚೆ ಅಕ್ಕನ ಫೋನು ಟಿಣ್ ಎಂದಿತು. ಅದೇ ಫ್ಯಾನಿನ ಸದ್ದು ಅಲ್ಲಿ ಪೂರ್ತಿ ಹನ್ನೊಂದು ಸೆಕೆಂಡು ಓಡಿತು. ಆಮೇಲೆ ಅವಳ ಉತ್ತರ ಬಂತು: ಒಂದು ಹೆಬ್ಬೆರಳು.