ಮೊಣಕಾಲುದ್ದ ನೀರಿನ ಹಡಗು

"ಮನೆಯಲ್ಲಿ ನಿಮ್ಮಮ್ಮ ಯಾವಾಗಲೂ ಏನು ಹೇಳ್ತಾರೆ?" ಎಂದು ಮಿಸ್ ಕೇಳಿದ್ದಕ್ಕೆ ನನ್ನ ಆರು ವರ್ಷದ ಮಗಳು ಸುಮಿತಾ ಇಡೀ ಕ್ಲಾಸಿನೆದುರು "ಬೇಡ" ಎಂದಳಂತೆ. ಒಂದೇ ಶಬ್ದದಲ್ಲಿ ನನ್ನ ಜೀವನಚರಿತ್ರೆ ಮುಗಿಯಿತು. (ಮೈಸೂರಿನ ಕಾನ್ವೆಂಟಿನಿಂದ ಪಾಲಿಬೆಟ್ಟದ ಎಸ್ಟೇಟಿಗೆ ಸೊಸೆಯಾಗಿ ಬಂದವಳು ಜಿಗಣೆ, ಹಾವು, ಆನೆಗಳ ಬಗ್ಗೆ ಇನ್ನೇನು ಹೇಳಬೇಕಿತ್ತು?)

ಮಗಳ ನೆನಪಿನಲ್ಲಿ ನಾನು ಹಾಗೆ ಉಳಿಯಬಾರದು ಎಂದು ಘೋರ ಪ್ರತಿಜ್ಞೆ ಮಾಡಿ, "ನಮ್ಮ ಕೆರೆಗೊಂದು ಬೋಟ್ ತರೋಣ" ಎಂದೆ. ಗಂಡ ಅಭಿಲಾಷ್ ನನ್ನ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ.

ಹೋಂಸ್ಟೇ ಮುಚ್ಚುತ್ತಿದ್ದ ಒಬ್ಬರ ಬಳಿ ಎರಡು ಪಾಂಟೂನ್ ಬೋಟುಗಳಿದ್ದವು. ಪಾಂಟೂನ್ ಎಂದರೆ ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಹಲಗೆ ಹಾಸಿದ, ತೇಲುವ ಜಗಲಿ. ಒಂದು ಚಿಕ್ಕದು, ಆರು ಜನರದು, ಜೀಪಿನ ಹಿಂದೆ ಕಟ್ಟಿ ಎಲ್ಲಿಗಾದರೂ ಒಯ್ಯಬಹುದಾದದ್ದು. ಇನ್ನೊಂದು ಹನ್ನೆರಡು ಜನರದು. ಚಾವಣಿ, ಎದೆಯೆತ್ತರದ ಕಂಬಿ, ಗೇಟು! ಅದನ್ನು ನೋಡಿದ್ದೇ ನನ್ನ ಮಾತೃಹೃದಯ ತೇಲತೊಡಗಿತು.

"ಚಿಕ್ಕದು ಸಾಕು ಪ್ರಿಯಾ. ಹಾರಂಗಿ ಹಿನ್ನೀರಿಗೂ ತಗೊಂಡ್ಹೋಗ್ಬಹುದು."

"ಅದರ ಕಂಬಿ ನೋಡು, ಮೀನೇ ಹಾರಿ ಒಳಗೆ ಬರುತ್ತೆ. ಅಂದ ಹಾಗೆ ನಮ್ಮ ಕೆರೆ ಎಷ್ಟು ಆಳ?"

"ಈಗ ಎರಡಾಳು. ಕಾಫಿ ಹೂ ಬಿಡ್ಲಿ ಅಂತ ಅದರ ನೀರು ತೋಟಕ್ಕೆ ಹೊಡೆದ್ಮೇಲೆ ಮೊಣಕಾಲು ಮಟ್ಟ."

"ಹಾಗಾದ್ರೆ ಆಮೇಲೇ ಹತ್ತೋಣ!"

"ಬೋಟಿಗೆ ನೀರು ಬೇಕು ಮಾರಾಯ್ತಿ."

"ಮೊಣಕಾಲು ಮಟ್ಟ ಇರೋದು ನೀರೇ ತಾನೆ? ಮಜ್ಜಿಗೆಯಾ?"

ಅಭಿ ಲಾರಿಯವನಿಗೆ ಫೋನ್ ಮಾಡಿದ. ದೊಡ್ಡದು ಲಾರಿಯಲ್ಲಿ ಬಂದು ಕೆರೆಯಂಚಿಗೆ ಇಳಿಯಿತು. ಚಿಕ್ಕದನ್ನು ಪಕ್ಕದ ಎಸ್ಟೇಟಿನ ಕೀರ್ತಿಕುಮಾರ್ ಕೊಂಡರು. "ಆರರ ಮೇಲೆ ಒಬ್ಬರು ಹತ್ತಿದರೂ ಅನಾಹುತ" ಎಂದು ಅವರಿಗೊಂದು ಉಚಿತ ಉಪನ್ಯಾಸವನ್ನೂ ಕೊಟ್ಟೆ.

ಕೆರೆ ತುಂಬಿದ್ದಷ್ಟು ದಿನವೂ ಸುಮಿ ದಡದಲ್ಲಿ ನಿಂತು "ಇವತ್ತು?" ಎನ್ನುವಳು. ನಾನು "ಇನ್ನೂ ಸ್ವಲ್ಪ ಇಳೀಲಿ" ಎನ್ನುವೆ. ("ಬೇಡ" ಎನ್ನಲಿಲ್ಲ, ಗಮನಿಸಿ.) ಪಂಪು ಹಗಲೂ ರಾತ್ರಿ ಓಡಿತು. ತೋಟವೆಲ್ಲ ಬೆಳ್ಳಗೆ ಹೂಬಿಟ್ಟು ಘಮಘಮಿಸಿತು. ಕೆರೆ ನನ್ನ ಇಚ್ಛೆಗೆ ಚಾಚೂ ತಪ್ಪದೆ ನಡೆಯಿತು.

ಏಪ್ರಿಲ್ ರಜೆಯ ಮೊದಲ ಭಾನುವಾರ ನಾವು ಹತ್ತಿದೆವು. ಬೋಜಮ್ಮ ಅತ್ತೆ ಕಡಂಬುಟ್ಟು ಎಂಬ ಅಕ್ಕಿ ಉಂಡೆ, ಕೋಳಿ ಸಾರಿನ ಪಾತ್ರೆ ಹಿಡಿದು ಮಹಾರಾಣಿಯಂತೆ ಕುಳಿತರು. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದೆ. ಅಭಿ ಮೋಟಾರಿನ ಹಗ್ಗ ಎಳೆದ. ಅದು ಕೆಸರನ್ನು ಕಲಸಿ ಒಂದಿಷ್ಟು ನಮ್ಮ ಮೇಲೆ ಹಾರಿಸಿ ಸತ್ತಿತು. ಕೊಳವೆಗಳು ಹೂಳಿನಲ್ಲಿ ಸುಖವಾಗಿ ಕೂತಿದ್ದವು. ಮೂವರು ಆಳುಗಳು ತಳ್ಳಿದರು. ಅವರು ಹೂತರು, ಬೋಟು ಅಲ್ಲಾಡಲಿಲ್ಲ.

"ಅಲ್ಲಾ ಪ್ರಿಯಾ," ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಂಡರು, "ಮನೆ ಜಗಲೀಲೇ ಕೂತಿದ್ರೆ ಫ್ಯಾನಾದ್ರೂ ಇರ್ತಿತ್ತು."

ಸುಮಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಪರವಾಗಿಲ್ಲಮ್ಮ" ಎಂದಳು, ದೊಡ್ಡವಳಂತೆ.

ಅಷ್ಟರಲ್ಲಿ ಕೀರ್ತಿಕುಮಾರರ ಜೀಪು, ಹಿಂದೆ ಚಿಕ್ಕ ಬೋಟು. "ಹಾರಂಗಿಗೆ ಹೊರಟಿದ್ದೀವಿ, ನಾವು ಮೂರೇ ಜನ. ಬನ್ನಿ!" ಸುಮಿ ಜಿಗಿದಳು. ಅಭಿ ಇಳಿದ. ಮಂಡಿನೋವಿನ ಅತ್ತೆ ಪಾತ್ರೆಸಮೇತ ಎಲ್ಲರಿಗಿಂತ ಮೊದಲು ಜೀಪು ಸೇರಿದರು. ನಾನು ಕೆಸರಿನಿಂದ ಕಾಲು ಕೀಳುವಷ್ಟರಲ್ಲಿ ಆರು ಜನ ಭರ್ತಿಯಾಗಿದ್ದರು.

"ನೀವೇ ಹೇಳಿದ್ರಲ್ಲ ಮೇಡಂ, ಏಳನೆಯವರು ಹತ್ತಿದ್ರೆ..." ಎಂದು ಕೀರ್ತಿಕುಮಾರ್ ವಿನಯದಿಂದ ಕೈಮುಗಿದರು.

ಕೊಡಗಿನ ಅತ್ಯಂತ ಸುರಕ್ಷಿತ ಹಡಗಿನಲ್ಲಿ ಮಧ್ಯಾಹ್ನವಿಡೀ ನಾನೊಬ್ಬಳೇ. ಒಂದು ಕೊಕ್ಕರೆ ನನ್ನ ಬೋಟಿನ ಸುತ್ತ ನಡೆದಾಡುತ್ತಿತ್ತು. ಅದರ ಮಂಡಿಯೂ ನೆನೆದಿರಲಿಲ್ಲ. ಜನವರಿಯ ತುಂಬಿದ ಕೆರೆ, ದಡದಲ್ಲಿ ನಿಂತ ಪುಟ್ಟ ಫ್ರಾಕು ಕಣ್ಣಿಗೆ ಬರುತ್ತಲೇ ಇತ್ತು. ಒಂದೇ ಒಂದು ದಿನ "ಹೂಂ" ಎಂದಿದ್ದರೆ ಏನಾಗುತ್ತಿತ್ತು?

ಸಂಜೆ ಸುಮಿ ಒದ್ದೆ ತಲೆ, ಕೆಂಪು ಕೆನ್ನೆಯೊಂದಿಗೆ ಓಡಿಬಂದಳು.

"ಅಮ್ಮಾ, ನಾನೇ ಬೋಟ್ ಬಿಟ್ಟೆ! ನೀರಿಗೆ ಕಾಲು ಇಳಿಬಿಟ್ಟೆ! ಯಾರೂ ನನ್ನ ಹಿಡ್ಕೊಳ್ಳಲೇ ಇಲ್ಲ, ಗೊತ್ತಾ?"

ಗಂಟಲಿಗೆ ಬಂದ ಹದಿನೆಂಟು ಪ್ರಶ್ನೆಗಳನ್ನು ನುಂಗಿದೆ. ನಗುತ್ತ, "ನಾಳೆ ನನ್ನನ್ನೂ ಕರ್ಕೊಂಡ್ಹೋಗ್ತೀಯಾ?" ಎಂದೆ.

ಮಗಳು ನನ್ನನ್ನೂ ನನ್ನ ಲೈಫ್ ಜಾಕೆಟ್ಟನ್ನೂ ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, ಪ್ರೀತಿಯಿಂದಲೇ ತಲೆಯಾಡಿಸಿದಳು.

"ಬೇಡಮ್ಮ. ನಿಂಗೆ ಭಯ ಆಗುತ್ತೆ."