ಅಧ್ಯಕ್ಷರ ಅಮೃತಶಿಲೆ

ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಶಾಂತಲಿಂಗಪ್ಪ ಮಾಸ್ತರರಿಗೆ ಈ ಗತಿ ಬರುತ್ತಿರಲಿಲ್ಲ. ಜೇವರ್ಗಿ ಕಡೆಯ ಹಳ್ಳಿ ಹೈಸ್ಕೂಲಿನಲ್ಲಿ ಅವರು ಅತಿಥಿ ಶಿಕ್ಷಕರು. ಶಾಲಾ ಸಮಿತಿಯ ಅಧ್ಯಕ್ಷ ಮಹಾದೇವಪ್ಪ ಸಾಹುಕಾರರು ವರ್ಷಾ ವರ್ಷಾ ಹ್ಞೂಂ ಅಂದರೆ ನೌಕರಿ, ಇಲ್ಲದಿದ್ದರೆ ಕರಜಗಿಗೆ ಹೋಗಿ ಹೆಂಡತಿಯ ತವರಿನ ಕಬ್ಬಿನ ಹೊಲದಲ್ಲಿ ಮಾವನ ಮಾತು ಕೇಳಿಕೊಂಡಿರಬೇಕು. ಮುಂದಿನ ವರ್ಷದ ಹ್ಞೂಂ ಇನ್ನೂ ಬಂದಿರಲಿಲ್ಲ.

ಅಂದು ಶಿಕ್ಷಣ ಇಲಾಖೆಯ ಸಾಹೇಬರು ಪಾಠ ನೋಡಲು ಬರುವವರಿದ್ದರು. ಪಾಠ ಶಿಲೆಗಳದು. ಪದರುಶಿಲೆಗೆ ಚಿಂತೆಯಿರಲಿಲ್ಲ, ನೆಲ, ಕಟ್ಟೆ, ಸಂಡಾಸಿನ ಗೋಡೆ, ಊರೆಲ್ಲ ಫರಸಿ ಕಲ್ಲಿನ ಚಪ್ಪಡಿಯೇ. ರೂಪಾಂತರಶಿಲೆಯನ್ನು ಎಲ್ಲಿಂದ ತರುವುದು?

"ವೇದಿಕೆ ಗ್ವಾಡಿಗಿ ಅಧ್ಯಕ್ಷರು ಹೆಸರು ಬರೆಸಿ ಕೊಟ್ಟ ಅಮೃತಶಿಲೆ ಅದ ಅಲ್ರಿ," ಎಂದರು ಜೊತೆಗೆ ಚಹಾ ಕುಡಿಯುತ್ತಿದ್ದ, ಕನ್ನಡ ಕಲಿಸುವ ಶಿವಕಾಂತಾ ಟೀಚರು.

"ಅದು ಖರೇ ಅಮೃತಶಿಲೆನೋ ಏನೋ, ಯಾರಿಗ್ಗೊತ್ತು ಬಿಡ್ರಿ."

ಅಷ್ಟೇ ಮಾತು. ಟೀಚರು ಅದನ್ನು ಸಿಪಾಯಿ ರಾಜೇಸಾಬನಿಗೆ ಹೇಳಿದರು, ರಾಜೇಸಾಬ ಊರಿಗೆ ಹೇಳಿದ. ಪ್ರಾರ್ಥನೆ ಮುಗಿಯುವುದರೊಳಗೆ ಅಧ್ಯಕ್ಷರ ಬುಲೆಟ್ಟು ಗೇಟಿಗೆ ಬಂದು ನಿಂತಿತು.

"ಏನ್ರೀ ಮಾಸ್ತರ, ನನ್ನ ಕಲ್ಲು ನಕಲಿ ಅಂತ ಡಂಗುರಾ ಹೊಡ್ಯಾಕತ್ತೀರಂತ?"

"ಇಲ್ರಿ ಸಾಹುಕಾರ್ರ, ನಾ ಸುಮ್ನ..."

"ಸಾಹೇಬ್ರ ಮುಂದ ಪರೀಕ್ಷಾ ಮಾಡ್ರಿ. ಖರೇ ಇತ್ತಂದ್ರ ಮುಂದಿನ ವರ್ಷನೂ ನೀವ. ಇಲ್ಲಂದ್ರ ಗಂಟು ಕಟ್ರಿ."

ಕಲ್ಲು ನಕಲಿಯಾದರೂ ತಪ್ಪು ಮಾಸ್ತರರದೇ. ಕಲ್ಲು ಅಸಲಿಯಾಗಲಿ ಎಂದು ಶರಣಬಸಪ್ಪನಿಗೆ ಕಾಯಿ ಹರಕೆ ಹೊತ್ತರು.

ಸಾಹೇಬರು ಬಂದರು. ವೇದಿಕೆಯ ಮುಂದೆ ಇಡೀ ಶಾಲೆ ಕೂತಿತು. ಮಾಸ್ತರರು ಶುರು ಮಾಡಿದರು.

"ಹಿಂದಕ ಇಲ್ಲಿ ಸಮುದ್ರ ಇತ್ತು. ತಳದಾಗ ಸುಣ್ಣದ ರಾಡಿ ಪದರ ಮ್ಯಾಲ ಪದರ ಕುಂತು ಗಟ್ಟಿಯಾಗಿ ನಮ್ಮ ಫರಸಿ ಆತು. ಕೆಳಗಿನ ಪದರ ಹಳೇದು, ಮ್ಯಾಲಿಂದು ಹೊಸಾದು. ಇಂಥಾ ಸುಣ್ಣದಕಲ್ಲ ಭೂಮಿಯೊಳಗ ಕಾವು, ಭಾರ ತಡಕೊಂಡು ರೂಪ ಬದಲ್ ಮಾಡಿದ್ರ ಅಮೃತಶಿಲೆ. ಎರಡಕ್ಕೂ ಆ್ಯಸಿಡ್ ಬಿದ್ರ ನೊರೆ ಬರ್ತದ."

ಕಾವು, ಭಾರ ಅನ್ನುವಾಗ ಅವರಿಗೆ ತಮ್ಮ ಜನ್ಮವೇ ನೆನಪಾಯಿತು. ಆದರೆ ಅವರು ಅಮೃತಶಿಲೆಯಾಗುವ ಲಕ್ಷಣವೇನೂ ಇರಲಿಲ್ಲ.

ಸಂಡಾಸು ತೊಳೆಯುವ ಆ್ಯಸಿಡ್ಡಿನ ಬಾಟಲಿಯನ್ನು ರಾಜೇಸಾಬ ತಂದುಕೊಟ್ಟ. ಕಲ್ಲಿನ ಮೂಲೆಗೆ ಒಂದು ಹನಿ ಬಿಟ್ಟರು. ಬುಸ್ಸೆಂದು ನೊರೆ ಬಂತು. ಮಾಸ್ತರರ ಕಣ್ಣಲ್ಲಿ ನೀರೇ ಬಂತು.

ಅಧ್ಯಕ್ಷರು ಮೀಸೆ ತಿರುವಿದರು. "ಮೂಲ್ಯಾಗ ಯಾಕ್ರಿ? ನಡುವ ನನ್ನ ಹೆಸರಿನ ಮ್ಯಾಲ ಸುರೀರಿ. ಹಿಂದಿನವ್ರಿಗೂ ಕಾಣ್ಲಿ."

"ಬ್ಯಾಡ್ರಿ, ಹೊಳಪು ಹೋಗ್ತದ."

"ಸುರೀರಿ ಅಂದೆ."

ಸುರಿದರು. ಹಾಲು ಉಕ್ಕಿದಂತೆ ನೊರೆ ಉಕ್ಕಿತು. ಹೆಸರು ಬರೆಯಲು ಮೆತ್ತಿದ್ದ ಸುಣ್ಣದ ಲೇಪ ಕರಗಿತು, ಜೊತೆಗೆ 'ದಾನಿ ಮಹಾದೇವಪ್ಪ' ಇಳಿದುಹೋದರು. ಕೆಳಗೆ ಕೊರೆದಿದ್ದ ಹಳೆಯ ಅಕ್ಷರ ಮೂಡಿದವು. ಮುಂದಿನ ಸಾಲಿನ ಹುಡುಗಿ, ಟೀಚರು ಕಲಿಸಿದ ಹಾಗೆಯೇ, ಸ್ಪಷ್ಟವಾಗಿ ಓದಿದಳು:

"ಸಾರ್ವಜನಿಕ ರುದ್ರಭೂಮಿ. ಇಲ್ಲಿ ಗಲೀಜು ಮಾಡಬಾರದು."

"ಹಂಗಂದ್ರ ಸುಡುಗಾಡ ಗೇಟಿನ ಕಲ್ಲು ಇಲ್ಲಿ ಅದ ಅನ್ರಿ," ಎಂದ ರಾಜೇಸಾಬ.

ಸಾಹೇಬರು ಮಾಸ್ತರರ ಬೆನ್ನು ತಟ್ಟಿದರು. "ಭೇಷ್. ಮೇಲಿನದು ಹೊಸದು, ಕೆಳಗಿನದು ಹಳೇದು. ಪದರ ಅಂದ್ರೆ ಏನಂತ ಇಷ್ಟು ಚೆನ್ನಾಗಿ ಯಾರೂ ತೋರಿಸಿರಲಿಲ್ಲ."

ಅಧ್ಯಕ್ಷರು ಬುಲೆಟ್ಟು ಹತ್ತಿದರು. ಮಾಸ್ತರರು ಓಡಿಹೋಗಿ ಕೈಮುಗಿದರು. "ಸಾಹುಕಾರ್ರ, ಕಲ್ಲು ಖರೇ ಅದ ಅಲ್ರಿ?"

"ಖರೇ ಅದ. ಕರಜಗಿ ಬಸ್ಸು ಹಿಡೀರಿ."

ಬುಲೆಟ್ಟಿನ ಧೂಳಿನಲ್ಲಿ ಮಾಸ್ತರರು ನಿಂತೇ ಇದ್ದರು. ನೌಕರಿ ಹೋಯಿತು. ಕಲ್ಲು ಮಾತ್ರ ಬೇಡಿಕೊಂಡ ಹಾಗೆಯೇ ಅಸಲಿಯಾಗಿತ್ತು. ಊರು ಬಿಡುವ ಮುಂಚೆ ಶರಣಬಸಪ್ಪನಿಗೆ ಕಾಯಿ ಒಡೆಯಲೇಬೇಕಿತ್ತು.