ಹರಕೆಯ ಹುಂಜಕ್ಕೆ ನಾನು ಕಲಿಸಿದ ವಿದ್ಯೆ

ಕಳೆದ ಮಳೆಗಾಲ ಇಡೀ ನನ್ನ ಅಕ್ಕ ತನ್ನದೇ ಮನೆಯ ಹಿಂಬಾಗಿಲು ತೆರೆಯಲು ಹೆದರಿದಳು. ಯಾಕೆ ಹೆದರಬೇಕಾಗಿಲ್ಲ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅದೇ ಮನೆಯ ಚಾವಡಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ, ಬಾಯಿ ಬಿಡಲಿಲ್ಲ. ಆ ಮನುಷ್ಯ ನಾನು. ಸುಳ್ಳು ಹೇಳಲು ಸ್ವಲ್ಪವಾದರೂ ಬುದ್ಧಿ ಬೇಕು, ಸುಮ್ಮನಿರಲು ಅದೂ ಬೇಡ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಗ್ಗಿ ತಲೆಗೆ ಹತ್ತಲಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದಾಗ ಕಿಟಕಿಯ ಹೊರಗೆ ನೋಡುತ್ತ ನಿಂತರೆ ಅವರು ಬೇಸತ್ತು ಪಕ್ಕದವನನ್ನು ಕೇಳುತ್ತಾರೆ ಎಂಬ ವಿದ್ಯೆ ಮಾತ್ರ ಚೆನ್ನಾಗಿ ಹತ್ತಿತು. ಅಷ್ಟನ್ನೇ ನಂಬಿಕೊಂಡು ಇಷ್ಟು ವರ್ಷ ಬದುಕಿದ್ದೇನೆ. ಈಗ ನೋಡಿದರೆ ಆ ಪಕ್ಕದವನ ಜಾಗದಲ್ಲಿ ನನ್ನ ಅಕ್ಕ ನಿಂತಿದ್ದಳು.

ಅಕ್ಕನ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಒಳಗೆ. ಭಾವ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾರೆ. ಅವರ ಮಗಳು ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮದುವೆ, ಮನೆ ಎಂಬ ಗೋಜಿಗೆ ಹೋಗದ ನಾನು ಅಕ್ಕನಿಗೆ ಜೊತೆ ಎಂಬ ಹೆಸರಿನಲ್ಲಿ ಅಲ್ಲಿದ್ದೇನೆ. ಯಾರು ಯಾರಿಗೆ ಜೊತೆ ಎಂದು ಅಡುಗೆಮನೆ ನೋಡಿದವರಿಗೆ ಗೊತ್ತು. ಹೋದ ವರ್ಷ ಭಾವನಿಗೆ ಅಲ್ಲಿ ಹೃದಯದ ಆಪರೇಷನ್ ಆಯಿತು. ಆಗ ಅಕ್ಕ, ಅವರು ಎದ್ದು ಓಡಾಡುವ ಹಾಗಾದರೆ ಒಂದು ಹುಂಜ ಒಪ್ಪಿಸುತ್ತೇನೆ ಎಂದು ನಮ್ಮ ಊರಿನ ದೈವಕ್ಕೆ ಹರಕೆ ಹೇಳಿಕೊಂಡಳು. ಭಾವ ಎದ್ದರು, ಓಡಾಡಿದರು, ಕೆಲಸಕ್ಕೂ ಹೋದರು. ಕಾರ್ಕಳದ ಸಂತೆಯಿಂದ ನಾನೇ ಒಂದು ಕೆಂಪು ಮರಿ ತಂದು ಸಾಕಿದೆ. ಆದರೆ ದೈವದ ವರ್ಷಾವಧಿ ಸೇವೆಯ ಸಮಯಕ್ಕೆ ಭಾವನಿಗೆ ರಜೆ ಸಿಗಲಿಲ್ಲ. "ಅವರೂ ಬರಲಿ, ಒಟ್ಟಿಗೆ ಕೈ ಮುಗಿದು ಒಪ್ಪಿಸುವ," ಎಂದು ಅಕ್ಕ ಹರಕೆಯನ್ನು ಮುಂದಿನ ಸೇವೆಗೆ ಹಾಕಿದಳು. ಹೀಗೆ ಹುಂಜ ನಮ್ಮ ಹಿತ್ತಿಲಿನಲ್ಲಿ ಉಳಿಯಿತು. ಹರಕೆಯ ಹುಂಜ ಎಂದರೆ ನಮ್ಮ ಕಡೆ ಹೊಸ ಅಳಿಯ ಇದ್ದ ಹಾಗೆ. ಬೈಯುವಂತಿಲ್ಲ, ಹೊಡೆಯುವಂತಿಲ್ಲ, ಮಾರುವಂತಿಲ್ಲ. ಸಾರು ಮಾಡುವ ಮಾತಂತೂ ಬಾಯಲ್ಲಿ ಬರಬಾರದು.

ಇನ್ನು ನನ್ನ ಕಥೆ. ನನಗೆ ಕೋಳಿ ಅಂಕದ, ಅಂದರೆ ಕೋಳಿ ಕಾಳಗದ ಮರುಳು ಇತ್ತು. ಎಲ್ಲಿ ಅಂಕ ಉಂಟು ಎಂದು ಕೇಳಿದರೂ ಕಾಲು ಆ ಕಡೆಗೇ ಹೋಗುತ್ತಿತ್ತು. ಒಮ್ಮೆ ಪೊಲೀಸರು ಬಂದಾಗ ಓಡಿ, ಕೆಸರುಗದ್ದೆಯಲ್ಲಿ ಬಿದ್ದು, ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದೆ. ಅಂದೇ ಅಕ್ಕ ತನ್ನ ತಲೆಯ ಮೇಲೆ ನನ್ನ ಕೈ ಇರಿಸಿಕೊಂಡು ಆಣೆ ಹಾಕಿಸಿದಳು. ಆಣೆಯನ್ನು ಮೀರಲಿಲ್ಲ, ಅಷ್ಟು ಕೆಟ್ಟವನಲ್ಲ. ಆದರೆ ಮಣಿಪಾಲದ ಕ್ಯಾಂಟೀನಿನಲ್ಲಿ ದಿನವಿಡೀ ಗೋಳಿಬಜೆ ಕರಿದು ಸಂಜೆ ಮನೆಗೆ ಬಂದಾಗ, ಹಿತ್ತಿಲಿನಲ್ಲಿ ಆ ಕೆಂಪು ಮರಿ ಕತ್ತು ನೀಳ ಮಾಡಿ ನನ್ನನ್ನು ನೋಡುತ್ತಿತ್ತು. ನಾನು ರಬ್ಬರ್ ಚಪ್ಪಲಿಯ ಕಾಲನ್ನು ಅದರ ಎದೆಗೆ ಮೆಲ್ಲನೆ ತಾಗಿಸುತ್ತಿದ್ದೆ. ಅದು ರೆಕ್ಕೆ ಕೆದರಿ ಹಾರಿ ಕಾಲಿಗೆ ಕುಕ್ಕುತ್ತಿತ್ತು. ಅಂಗೈಯಷ್ಟು ಮರಿ ಆನೆಯ ಮೇಲೆ ದಂಡೆತ್ತಿ ಬಂದಂತೆ ಬರುವುದು ನೋಡಿದರೆ ಯಾರಿಗೆ ನಗು ಬರುವುದಿಲ್ಲ? "ಶಹಬ್ಬಾಸ್" ಎಂದು ಕುಚ್ಚಲಕ್ಕಿ ಅನ್ನದ ನಾಲ್ಕು ಅಗುಳು ಬಹುಮಾನ ಕೊಡುತ್ತಿದ್ದೆ. ಕಾಲಿಗೆ ಹಾರು, ಅನ್ನ ತಿನ್ನು. ನಾನು ಶಾಲೆಯಲ್ಲಿ ಕಲಿಯದಷ್ಟು ಬೇಗ ಅದು ಕಲಿಯಿತು.

ಮರಿ ಹುಂಜವಾಯಿತು. ಕಾಲಿನ ಹಿಂಬದಿಯಲ್ಲಿ ಉಗುರಿನಂಥ ಮುಳ್ಳು ಬಂತು. ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಹೋದ ಅಕ್ಕ ಕಿರುಚುತ್ತ ಓಡಿ ಬಂದಳು, ಹಿಂದೆಯೇ ಹುಂಜ. ಅಲ್ಲಿಂದ ಶುರು. ಒಗೆಯುವ ಕಲ್ಲು ಹುಂಜದ ಸಿಂಹಾಸನವಾಯಿತು. ಗ್ಯಾಸ್ ತರುವವನು ಸಿಲಿಂಡರನ್ನು ಗೇಟಿನಲ್ಲೇ ಇಳಿಸಿ, "ನೀವೇ ಒಳಗೆ ತೆಗೆದುಕೊಳ್ಳಿ ಅಕ್ಕ, ನನಗೆ ಎರಡು ಮಕ್ಕಳು ಉಂಟು," ಎಂದು ಹೋಗಿಬಿಟ್ಟ. ಅಕ್ಕ ಬಚ್ಚಲಿಗೆ ಹೋಗುವಾಗ ಒಂದು ಕೈಯಲ್ಲಿ ಅಕ್ಕಿ ಕೇರುವ ಗೆರಸೆ ಗುರಾಣಿಯ ಹಾಗೆ, ಇನ್ನೊಂದು ಕೈಯಲ್ಲಿ ಅನ್ನದ ತಟ್ಟೆ. ಹುಂಜ ಎದುರು ಬಂದ ಕೂಡಲೇ ಅನ್ನ ದೂರಕ್ಕೆ ಎಸೆದು ಓಡುವುದು. ನಾನು ಅಗುಳು ಲೆಕ್ಕದಲ್ಲಿ ಕೊಟ್ಟದ್ದನ್ನು ಅವಳು ತಟ್ಟೆ ಲೆಕ್ಕದಲ್ಲಿ ಕೊಡುತ್ತಿದ್ದಳು. ಹುಂಜಕ್ಕೆ ಸಂಬಳ ಹೆಚ್ಚಾದಂತೆ ಕೆಲಸದಲ್ಲಿ ಶ್ರದ್ಧೆಯೂ ಹೆಚ್ಚಾಯಿತು.

ನೆರೆಮನೆಯ ಸೆವ್ರಿನ್ ಬಾಯಿ ಕಂಪೌಂಡಿನ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಅವರು ಕೋಳಿ ಸಾಕಿ ಮುದುಕಿಯಾದವರು. "ಗಿರಿಜಾ, ನೀನು ಓಡುವುದು ನೋಡಿ ಅದು ನಿನ್ನನ್ನು ಸೋತ ಹುಂಜ ಅಂತ ತಿಳಿದುಕೊಂಡಿದೆ ಮಾರಾಯ್ತಿ. ಓಡಬೇಡ. ಹಿಡಿದು ಕಂಕುಳಲ್ಲಿ ಇಟ್ಟುಕೊಂಡು ಅಂಗಳ ಇಡೀ ಒಂದು ಸುತ್ತು ಬಾ. ನಮ್ಮ ಹೇಂಟೆಗಳ ಎದುರು ಮರ್ಯಾದೆ ಹೋದರೆ ಸುಮ್ಮನಾಗ್ತದೆ."

"ಹರಕೆದ್ದು ಬಾಯಿ. ಅದನ್ನು ಹಾಗೆಲ್ಲ ಮಾಡ್ಲಿಕ್ಕೆ ಉಂಟಾ?"

"ಹಾಗಾದರೆ ನಮಗೆ ಕೊಡು. ನಮ್ಮ ದೇವರು ಕೋಳಿ ಕೇಳುವುದಿಲ್ಲ. ನಾವು ಕೇಳ್ತೇವೆ."

ಅಕ್ಕ ನಗಲಿಲ್ಲ. ಮೆಲ್ಲನೆ ಹೇಳಿದಳು, "ಅದು ಕೋಳಿ ಬರುವುದಲ್ಲ ಬಾಯಿ. ಕೊಟ್ಟ ಮಾತು ನೆನಪು ಮಾಡ್ಲಿಕ್ಕೆ ದೈವ ಕಳಿಸುವುದು. ನಾನು ಹರಕೆ ಮುಂದೆ ಹಾಕಿದೆ, ಅಲ್ವಾ? ಇನ್ನು ಅವರಿಗೆ ಪುನಃ ಎಂತಾದರೂ ಆದರೆ?"

ಒಳಗಿನಿಂದ ಈ ಮಾತು ನನಗೆ ಕೇಳಿಸಿತು. ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಇವತ್ತು ಬೇಡ, ನಾಳೆ ಅವಳ ಮನಸ್ಸು ಸ್ವಲ್ಪ ಹಗುರವಾದಾಗ ಹೇಳುವ ಎಂದುಕೊಂಡೆ. ಹಗುರವಾಗಲು ಹೇಳಬೇಕು, ಹೇಳಲು ಹಗುರವಾಗಬೇಕು. ನನ್ನ ತಲೆ ಈ ಎರಡರ ನಡುವೆ ಬಾವಿಯ ರಾಟೆಯ ಹಾಗೆ ತಿರುಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಆಯಿತು. ಹುಂಜ ನನ್ನ ಮೈಮೇಲೆ ಮಾತ್ರ ಬರುತ್ತಿರಲಿಲ್ಲ. ಬರುವ ಮೊದಲೇ ನಾನು ಅಂಗಿಯ ಜೇಬಿನಿಂದ ಅನ್ನ ಹಾಕುತ್ತಿದ್ದೆ. ಇದು ಗೊತ್ತಿಲ್ಲದ ಅಕ್ಕ, "ನಿನ್ನ ಮೇಲೆ ದೈವಕ್ಕೆ ಪ್ರೀತಿ ಉಂಟು, ತಮ್ಮ. ನೀನು ಬಾಯಿಯಲ್ಲಿ ಎಂತ ಹೇಳದಿದ್ದರೂ ಒಳಗೆ ಶುದ್ಧ," ಎಂದಳು. ಬಂಗುಡೆ ಸಾರಿನ ದೊಡ್ಡ ತುಂಡು ನನ್ನ ಬಟ್ಟಲಿಗೆ ಬೀಳತೊಡಗಿತು. ಅವಳು ಶನಿವಾರದ ಒಂದು ಹೊತ್ತಿನ ಉಪವಾಸವನ್ನು ವಾರಕ್ಕೆ ಹಲವು ಹೊತ್ತು ಮಾಡಿಕೊಂಡು, ಬರಿಯ ಗಂಜಿ ಕುಡಿಯುತ್ತ ಕೂರುತ್ತಿದ್ದಳು. ಮೀನು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಬರಬಹುದು. ಇಳಿಯುತ್ತಿತ್ತು. ಇಳಿದ ಮೇಲೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಒಂದು ದಿನ ಹುಂಜದ ಮುಳ್ಳು ಅಕ್ಕನ ಮೀನಖಂಡಕ್ಕೆ ಸರಿಯಾಗಿ ನಾಟಿತು. ಉಡುಪಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸಮ್ಮ ಸೂಜಿ ತಯಾರು ಮಾಡುತ್ತ, "ಎಂತ, ನಾಯಿ ಕಚ್ಚಿದ್ದಾ?" ಎಂದು ಕೇಳಿದರು.

"ನಾಯಿ ಅಲ್ಲ," ಎಂದಳು ಅಕ್ಕ. ಹರಕೆಯ ವಿಷಯ ಹೊರಗೆ ಹೇಳಲು ಅವಳಿಗೆ ಹೆದರಿಕೆ.

"ಮತ್ತೆ?"

"ಮನೆಯದ್ದೇ."

ನರ್ಸಮ್ಮ ತಿರುಗಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ನಾನು ಗಾಬರಿಯಲ್ಲಿ, "ನಾನಲ್ಲ, ಹುಂಜ!" ಎಂದೆ. ಸಾಲಿನಲ್ಲಿ ಕುಳಿತವರೆಲ್ಲ ನಕ್ಕರು. ನನಗೆ ಮಾತ್ರ ಕಿವಿ ಸುಟ್ಟಿತು. ಇಷ್ಟು ದಿನ ಸುಮ್ಮನಿದ್ದೆ, ಈಗ ಬಾಯಿ ಬಿಟ್ಟು ಸುಳ್ಳೂ ಹೇಳಿದ ಹಾಗಾಯಿತು. ಆ "ನಾನಲ್ಲ" ಎಂಬ ಮಾತು ಬಸ್ಸಿನಲ್ಲಿ ಕಾಪುವಿನವರೆಗೆ ಟಿಕೆಟ್ ಇಲ್ಲದೆ ನನ್ನ ಪಕ್ಕದಲ್ಲೇ ಕುಳಿತು ಬಂತು. ಇನ್ನೊಂದು ಪಕ್ಕದಲ್ಲಿ ಅಕ್ಕ. ಕಟಪಾಡಿ ದಾಟಿದ ಮೇಲೆ ಅವಳು ಹೇಳಿದಳು, "ಇವತ್ತು ಸಂಜೆ ಅವರು ಫೋನ್ ಮಾಡುವಾಗ ಹೇಳಿಬಿಡ್ತೇನೆ. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬರಲಿ. ಕೆಲಸ ಬೇರೆ ಸಿಗ್ತದೆ. ಮನುಷ್ಯ ಸಿಗ್ತಾನಾ?"

ಭಾವ ಅಕ್ಕನ ಮಾತು ತೆಗೆದುಹಾಕುವವರಲ್ಲ. ಬಿಟ್ಟೇ ಬರುತ್ತಾರೆ. ಆಪರೇಷನ್ ಆದ ಮನುಷ್ಯನಿಗೆ ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಮಗಳ ಓದು ಎಲ್ಲಿಗೆ ಮುಟ್ಟುತ್ತದೆ? ನನ್ನ ಒಂದು ರಬ್ಬರ್ ಚಪ್ಪಲಿ ಮಸ್ಕತ್ತಿನವರೆಗೆ ಹೋಗಿ ಒಬ್ಬರ ಅನ್ನವನ್ನು ಒದೆಯುವುದರಲ್ಲಿತ್ತು. ಇಳಿಯುವಷ್ಟರಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದೆ. ಅದರಲ್ಲಿ ಗ್ರಹಚಾರ ಇತ್ತು, ಹುಂಜದ ಜಾತಿಗುಣ ಇತ್ತು, ಕಾರ್ಕಳದಲ್ಲಿ ಮರಿ ಮಾರಿದವನೂ ಇದ್ದ. ನಾನು ಮಾತ್ರ ಎಲ್ಲಿಯೂ ಇರಲಿಲ್ಲ.

ಸಂಜೆ ಅಕ್ಕ ತಲೆಗೆ ಮಿಂದು, ಗೆರಸೆ ಇಲ್ಲದೆ, ಕುಂಟುತ್ತ ಹಿತ್ತಿಲಿಗೆ ಇಳಿದಳು. ಒಗೆಯುವ ಕಲ್ಲಿನ ಎದುರು ಕೈ ಮುಗಿದು ನಿಂತು, "ನನ್ನಿಂದ ತಪ್ಪಾಯಿತು. ನನಗೆ ಎಂತ ಬೇಕಾದರೂ ಮಾಡು. ಅವರನ್ನು ಮುಟ್ಟಬೇಡ," ಎಂದಳು. ಹುಂಜ ಕಲ್ಲಿನಿಂದ ಇಳಿದು ಕತ್ತು ತಗ್ಗಿಸಿ ಗರಿ ಕೆದರಿತು. ಅದಕ್ಕೆ ಅವಳ ಪ್ರಾರ್ಥನೆ ಬೇಡ, ಅನ್ನ ಬೇಕು ಎಂದು ನನಗೆ ಗೊತ್ತು. ಬರಿಗಾಲಿನಲ್ಲೇ ಓಡಿ ನಡುವೆ ನಿಂತೆ. ಮೊಣಕಾಲಿನ ಕೆಳಗೆ ಹಾರಿ ಒಂದು ಕೊಟ್ಟಿತು. ಜೇಬು ಖಾಲಿ. ಇನ್ನೊಂದು ಕೊಟ್ಟಿತು. ಅಷ್ಟರಲ್ಲಿ ಎರಡೂ ಕೈಯಲ್ಲಿ ರೆಕ್ಕೆ ಒತ್ತಿ ಹಿಡಿದು ಕಂಕುಳಿಗೆ ಸೇರಿಸಿದೆ. ಆಚೆ ಕಡೆಯಿಂದ ಸೆವ್ರಿನ್ ಬಾಯಿ, "ಹಾಂ, ಹಾಗೆ!" ಎಂದರು. ಪಕ್ಕೆಲುಬಿನ ಹತ್ತಿರ ಎದೆಯೊಂದು ಡಬಡಬ ಬಡಿಯುತ್ತಿತ್ತು. ಅದರದ್ದೋ ನನ್ನದೋ ತಿಳಿಯಲಿಲ್ಲ.

"ಬಿಡು ಅದನ್ನು! ಹರಕೆದ್ದು!" ಅಕ್ಕ ಕೂಗಿದಳು.

"ದೈವ ಕಳಿಸಿದ್ದಲ್ಲ ಅಕ್ಕ. ನಾನು ಕಲಿಸಿದ್ದು."

"ಎಂತ ಕಲಿಸಿದ್ದು?"

"ಕಾಲಿಗೆ ಹಾರಲಿಕ್ಕೆ. ಮರಿ ಇರುವಾಗ. ಹಾರಿದರೆ ಅನ್ನ ಕೊಡ್ತಿದ್ದೆ. ತಮಾಷೆಗೆ."

ಅಕ್ಕ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ. ಭಾವನಿಗೆ ಏನೂ ಆಗುವುದಿಲ್ಲ ಎಂಬ ಸಮಾಧಾನ. ಅದು ನೋಡಿ ನನಗೆ ಪೆಟ್ಟು ತಿಂದದ್ದಕ್ಕಿಂತ ಹೆಚ್ಚು ನೋವಾಯಿತು. ಸಿಟ್ಟು ಆಮೇಲೆ ಬಂತು.

"ನಾನು ಹೆದರಿ ಊಟ ಬಿಟ್ಟದ್ದು ನೋಡಿದ್ದೀಯಾ ನೀನು?"

"ನೋಡಿದ್ದೇನೆ."

"ನೋಡಿಯೂ ಸುಮ್ಮನೆ ಕೂತಿದ್ದಿ?"

ಅಭ್ಯಾಸದಂತೆ ನನ್ನ ಕಣ್ಣು ತೆಂಗಿನ ಮರದ ಕಡೆ ಹೋಯಿತು. ಅವಳು, "ಅಲ್ಲಿ ಎಂತ ಉಂಟು? ಇಲ್ಲಿ ನೋಡು," ಎಂದಳು. ಒಳಗೆ ಫೋನು ಬಡಿದುಕೊಳ್ಳತೊಡಗಿತು, ಭಾವನದು. ಅಕ್ಕ ಏಳಲಿಲ್ಲ. "ಅವರು ಕಾಯಲಿ. ಮೊದಲು ನೀನು ಹೇಳು."

ಹುಂಜ ಕಂಕುಳಿನಲ್ಲಿ ಸುಮ್ಮನಾಗಿತ್ತು. ನಾನು ಸುಮ್ಮನಿರುವಂತಿರಲಿಲ್ಲ.

"ತಪ್ಪಾಯಿತು ಅಕ್ಕ," ಎಂದೆ. "ನಿನ್ನದಲ್ಲ, ಇದರದ್ದೂ ಅಲ್ಲ. ನನ್ನದು."